ಕುಂದಾಪುರದ ಸೊನ್ನೆ ಹಿಡಿದದ್ದು

ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಬಸ್ಸುಗಳ ಟೈಮ್ ತೋರಿಸುವ ಸಣ್ಣ ಆ್ಯಪ್ ಒಂದನ್ನು ನಾವು ಮೂರು ಜನ ಸೇರಿ ಮಾಡ್ತಾ ಇದ್ದೇವೆ, ಊರಿನ ಹೆಸರು, ಟೈಮ್ ಎಲ್ಲ ಕನ್ನಡದಲ್ಲೇ ಇರ್ಬೇಕು ಅಂತ ನನ್ನದೇ ಹಠ. ಬ್ರಹ್ಮಾವರ ಆದ ಮೇಲೆ ಸಾಲಿಗ್ರಾಮ, ಕೋಟ, ಕುಂದಾಪುರ ಸರಿಯಾಗಿ ಬರ್ತದಾ ನೋಡ್ಲಿಕ್ಕೆ ಪೈಥಾನ್ ಭಾಷೆಯಲ್ಲಿ ಒಂದು ಯೂನಿಟ್ ಟೆಸ್ಟ್ ಉಂಟು, ಅಂದ್ರೆ ಕೋಡಿನ ಒಂದು ಸಣ್ಣ ಭಾಗವನ್ನು ತಾನಾಗಿ ಪರೀಕ್ಷೆ ಮಾಡುವ ಕೋಡ್. ಮೊನ್ನೆವರೆಗೆ ಪಾಸ್ ಆಗ್ತಿದ್ದದ್ದು ಏಕ್ದಂ ಫೇಲ್.

ಬರ್ಬೇಕಾದದ್ದು ‘ಕುಂದಾಪುರ’, ಬಂದದ್ದು ‘ಕು೦ದಾಪುರ’. ನೀವೇ ನೋಡಿ, ವ್ಯತ್ಯಾಸ ಕಾಣ್ತದಾ?

ಹಿಂದಿನ ದಿನ ನಾನು ಸ್ಟಾಪುಗಳನ್ನು ಸಾಲಾಗಿ ಜೋಡಿಸುವ ಫಂಕ್ಷನ್ ಮುಟ್ಟಿದ್ದೆ, ಅದೇ ಇರ್ಬೇಕು ಅಂತ ಒಂದೂವರೆ ಗಂಟೆ ಅದರಲ್ಲೇ ಹೋಯ್ತು. ಹಿಂದೆ ಮುಂದೆ ಸ್ಪೇಸ್ ಇರ್ಬಹುದಾ ಅಂತ ಅದನ್ನು ತೆಗೆಯುವ ಸ್ಟ್ರಿಪ್ ಹಾಕಿದೆ, ಇಲ್ಲ. ಉದ್ದ ನೋಡಿದ್ರೆ ಎರಡೂ 8. ಒಂದೇ ಅಕ್ಷರವನ್ನು ಬೇರೆ ಬೇರೆ ರೀತಿ ಬರೆದಿದ್ರೆ ಒಂದೇ ರೂಪಕ್ಕೆ ತರುವ ಯುನಿಕೋಡ್ ನಾರ್ಮಲೈಸ್ ಮಾಡಿದೆ, ಅದಕ್ಕೂ ಜಗ್ಗಲಿಲ್ಲ. ಕಡೆಗೆ ಡೇಟಾ ಫೈಲಿನ ಗಿಟ್ ಡಿಫ್ (ಬದಲಾದ ಸಾಲುಗಳಲ್ಲಿ ಹಳೆಯದ್ದನ್ನು ಕೆಂಪಲ್ಲಿ, ಹೊಸತನ್ನು ಹಸಿರಲ್ಲಿ ತೋರಿಸುವಂಥದ್ದು) ತೆಗೆದ್ರೆ ಕೆಂಪು ಸಾಲಲ್ಲೂ ಕುಂದಾಪುರ, ಹಸಿರು ಸಾಲಲ್ಲೂ ಕುಂದಾಪುರ. “ಎಂತ ಮಾರಾಯ, ಎರಡೂ ಒಂದೇ ಅಲ್ವಾ” ಅಂದ ಪಕ್ಕದಲ್ಲಿದ್ದ ದೋಸ್ತಿ. ಒಂದೇ ಆಗಿದ್ರೆ ಗಿಟ್ ಯಾಕೆ ತೋರಿಸ್ತದೆ ಅಂತ ಆಗಲೇ ತಲೆಗೆ ಹೊಳೆದದ್ದು.

ಒಂದೊಂದೇ ಅಕ್ಷರಕ್ಕೆ ಆರ್ಡ್ ಹಾಕಿ, ಅಂದ್ರೆ ಅದರ ಯುನಿಕೋಡ್ ನಂಬರ್ ತೆಗೆದು, ಪ್ರಿಂಟ್ ಮಾಡಿದೆ. ಮೂರನೆಯದ್ದು ಒಂದರಲ್ಲಿ 3202, ಇನ್ನೊಂದರಲ್ಲಿ 3302. ಮೊದಲನೆಯದ್ದು ಅನುಸ್ವಾರ, ಎರಡನೆಯದ್ದು ಕನ್ನಡದ ಅಂಕಿ ಸೊನ್ನೆ! ಹೊಸ ಟೈಮಿಂಗ್ ಶೀಟ್ ಟೈಪ್ ಮಾಡಿದವರು ಅನುಸ್ವಾರದ ಬದ್ಲು ಸೊನ್ನೆ ಒತ್ತಿದ್ದಾರೆ, ದುಂಡಗೆ ಕಾಣ್ತದಲ್ಲ, ತುಂಬಾ ಜನ ಹಾಗೇ ಟೈಪ್ ಮಾಡ್ತಾರೆ. ಆ್ಯರೋ ಕೀ ಒತ್ತಿ ನೋಡಿದ್ರೂ ಗೊತ್ತಾಗ್ತದೆ, ‘ಕುಂ’ ಅನ್ನು ಕರ್ಸರ್ ಒಂದೇ ಸಲಕ್ಕೆ ದಾಟ್ತದೆ, ಸೊನ್ನೆ ಇದ್ರೆ ‘ಕು’ ಆದ ಕೂಡ್ಲೇ ನಿಲ್ತದೆ.

ಸರಿ, ಎಲ್ಲಾ ಸೊನ್ನೆ ತೆಗೆದು ಅನುಸ್ವಾರ ಹಾಕುವ ಅಂದ್ರೆ ಆಗುದಿಲ್ಲ, ಬಸ್ಸಿನ ಟೈಮ್ ೧೦.೩೦ ಅಂತ ಕನ್ನಡ ಅಂಕಿಯಲ್ಲೇ ಉಂಟಲ್ಲ, ಅದು ಹಾಳಾಗ್ತದೆ. ಹಾಗಾಗಿ ಸೊನ್ನೆಯ ಹಿಂದೆ ಅಂಕಿ ಅಲ್ಲ, ಅಕ್ಷರ ಅಥವಾ ಸ್ವರಚಿಹ್ನೆ ಇದ್ರೆ ಮಾತ್ರ ತಪ್ಪು ಅಂತ ಹುಡುಕುವ ಒಂದು ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬರೆದೆ, ಅದನ್ನೇ ಬೇರೆ ಟೆಸ್ಟ್ ಮಾಡಿ ಇಡೀ ಫೈಲಿನ ಮೇಲೆ ಓಡಿಸಿದೆ.

ಇನ್ನೂ ಒಂದು ಸಿಕ್ಕಿತು, ‘ಸ೦ತೆಕಟ್ಟೆ’. ಬ್ರಹ್ಮಾವರಕ್ಕಿಂತ ಮೊದಲಿನ ಸ್ಟಾಪ್ ಅದು, ನಮ್ಮ ಹಳೆ ಟೆಸ್ಟ್ ಅಲ್ಲಿಗೆ ಮುಟ್ಟುದೇ ಇಲ್ಲ. ಅಂದ್ರೆ ಸಂತೆಕಟ್ಟೆ ಅಂತ ಸರಿಯಾಗಿ ಟೈಪ್ ಮಾಡಿ ಹುಡುಕಿದವರಿಗೆ ಅಲ್ಲಿ ಬಸ್ಸೇ ಇಲ್ಲ ಅಂತ ತೋರಿಸ್ತಿತ್ತು.