ಗೊರಕೆ ನಡುವೆ ಉಸಿರು ನಿಂತರೆ: ವಿಡಿಯೋದಿಂದ ಮೆಷಿನ್‌ವರೆಗೆ

ಗೊರಕೆ ಅಂದ್ರೆ ನಮ್ಮಲ್ಲಿ ತಮಾಷೆ. ಮದುವೆಮನೆ ಜಗಲಿಯಲ್ಲಿ ಸಾಲಾಗಿ ಮಲಗಿದ ಮರುದಿನ ಯಾರದು ಜೋರು ಅನ್ನುವುದೇ ಚರ್ಚೆ. ನನ್ನದೇ ಜೋರು, ನಾನೂ ನಗುತ್ತಿದ್ದೆ. ಆಮೇಲೊಂದು ದಿನ ಕುಮಟಾದಿಂದ ಸಿರ್ಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ಸ್ಟೇರಿಂಗ್ ಹಿಡಿದೇ ಕಣ್ಣು ಮುಚ್ಚಿತು, ಅದೂ ಬೆಳಿಗ್ಗೆ ಹತ್ತೂವರೆಗೆ.

ಮೊದಲು ಪಕ್ಕದಲ್ಲಿ ಮಲಗುವವರ ಕೈಯಲ್ಲಿ ಮೊಬೈಲ್ ಕೊಡಿ. ಗೊರಕೆ ಶುರುವಾದ ಮೇಲೆ ಹತ್ತು ನಿಮಿಷ ವಿಡಿಯೋ ಸಾಕು. ನನ್ನ ವಿಡಿಯೋದಲ್ಲಿ ಗೊರಕೆ ಏರುತ್ತಾ ಹೋಗಿ ಪಕ್ಕನೆ ನಿಲ್ಲುತ್ತದೆ, ಹೊಟ್ಟೆ ಏರಿಳಿಯುತ್ತಿದ್ದರೂ ಗಾಳಿ ಓಡುವುದಿಲ್ಲ, ಫ್ಯಾನಿನ ಸದ್ದು ಬಿಟ್ಟರೆ ಮತ್ತೇನೂ ಕೇಳುವುದಿಲ್ಲ. "ಹೋಯ್, ಏಳಿ" ಅಂತ ಹೆಂಡತಿ ಅನ್ನುವಷ್ಟರಲ್ಲಿ ಗೊಳಕ್ ಅಂತ ಉಸಿರು ವಾಪಸ್. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಗಾಳಿಯ ದಾರಿ ಮುಚ್ಚುತ್ತದೆ, ಅಷ್ಟೇ. ಇದಕ್ಕೇ ಸ್ಲೀಪ್ ಆಪ್ನಿಯಾ ಅನ್ನುವುದು; ರಾತ್ರಿ ನಿದ್ದೆ ಹೀಗೆ ಕೆಟ್ಟೇ ಹಗಲು ಕಣ್ಣು ಮುಚ್ಚುವುದು. ಹತ್ತು ಸೆಕೆಂಡ್ ನಿಂತರೂ ಲೆಕ್ಕಕ್ಕೆ ಬರುತ್ತದೆ.

ಹಗಲು ತೂಕಡಿಕೆ, ಬೆಳಗಿನ ತಲೆನೋವು, ಮಾತ್ರೆಗೂ ಬಗ್ಗದ ಬಿಪಿ ಇದ್ದರೆ ತಡಮಾಡಬೇಡಿ. ದಪ್ಪ ಇದ್ದವರಿಗೆ ಜಾಸ್ತಿ, ನಿಜ. ಆದರೆ ಗದ್ದ ಒಳಗಿರುವ ಸಪೂರದವರಿಗೂ ಬರುತ್ತದೆ.

ವಿಡಿಯೋ ಹಿಡಿದು ಕಿವಿ-ಮೂಗು-ಗಂಟಲಿನ ಇಲ್ಲವೇ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ. ಅವರು ಸ್ಲೀಪ್ ಸ್ಟಡಿ ಬರೆಯುತ್ತಾರೆ. ಮೂಗಿಗೆ ನಳಿಕೆ, ಎದೆಗೆ ಬೆಲ್ಟ್, ಬೆರಳಿಗೆ ಕ್ಲಿಪ್ ಹಾಕಿಕೊಂಡು ಮನೆಯಲ್ಲೇ ಮಲಗುವ ಟೆಸ್ಟೂ ಇದೆ. ಹೃದಯದ ತೊಂದರೆ ಇದ್ದವರು ಮಾತ್ರ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಒಂದು ರಾತ್ರಿ ಆಸ್ಪತ್ರೆಯಲ್ಲೇ ಮಲಗುವುದು ಒಳ್ಳೆಯದು. ರಿಪೋರ್ಟಿನಲ್ಲಿ ಎಎಚ್ಐ ನೋಡಿ: ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ. 5ರಿಂದ 15 ಸಣ್ಣದು, 30 ದಾಟಿದರೆ ಜೋರು. ನನ್ನದು 41.

ಸಣ್ಣದಿದ್ದರೆ ತೂಕ ಇಳಿಸಿ, ಮಗ್ಗುಲಾಗಿ ಮಲಗಿ. ದಂತವೈದ್ಯರು ಕೆಳದವಡೆ ಮುಂದೆ ತರುವ ಸಾಧನ ಮಾಡಿಕೊಡುತ್ತಾರೆ. ರಾತ್ರಿ ಗುಂಡು ಬೇಡ, ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆಯಂತೂ ಬೇಡವೇ ಬೇಡ, ಗಂಟಲು ಇನ್ನೂ ಸಡಿಲಾಗುತ್ತದೆ.

ಜೋರಿದ್ದರೆ ಸಿಪ್ಯಾಪ್ ಮೆಷಿನ್. ಒತ್ತಡದ ಗಾಳಿ ಊದಿ ದಾರಿ ತೆರೆದಿಡುತ್ತದೆ. ಟೆಸ್ಟ್ ಮಾಡಿಸದೆ ಸುಮ್ನೆ ಆನ್‌ಲೈನ್‌ನಲ್ಲಿ ತರಿಸಬೇಡಿ. ಮೆಷಿನ್‌ಗಿಂತ ಮಾಸ್ಕ್ ಮುಖ್ಯ. ನಾಲ್ಕೈದು ಹಾಕಿ, ಅಂಗಡಿಯಲ್ಲೇ ಮಲಗಿ ನೋಡಿ, ನಾಚಿಕೆ ಬೇಡ. ನನ್ನ ಮೀಸೆ ಸಂದಿಯಲ್ಲಿ ಗಾಳಿ ಸೋರಿ ಎರಡು ವಾರ ಕಣ್ಣು ಉರಿಯಿತು. ಮೀಸೆ ತೆಗೆಯಲಿಲ್ಲ, ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಮಾಸ್ಕ್ ತಗೊಂಡೆ.

ಮಳೆಗಾಲ ನಮ್ಮ ಕಡೆ ಬೇರೆಯದೇ ಕತೆ. ಕರೆಂಟ್ ಹೋದರೆ ಇನ್ವರ್ಟರ್ ಬೇಕು, ಗಾಳಿಗೆ ತೇವ ಕೊಡಲು ಮೆಷಿನ್‌ನಲ್ಲಿ ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆಫ್ ಮಾಡಿಟ್ಟರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಮಾಸ್ಕನ್ನು ದಿನಾ ಸೋಪಿನಲ್ಲಿ ತೊಳೆದು ಫ್ಯಾನ್ ಕೆಳಗೆ ಒಣಗಿಸಿ. ಬಚ್ಚಲೊಲೆ ಹತ್ತಿರ ಇಡಬೇಡಿ, ನನ್ನದೊಂದು ಹಾಗೇ ಸೊಟ್ಟಗಾಗಿ ಹೋಯಿತು.