ಜೀರೋ ಗಾಳಿಯನ್ನು ಛಾವಣಿ ಮೇಲಿಂದ ತಂದೆ, ರೀಡಿಂಗ್ ಜಗಳ ನಿಂತಿತು

ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರ ನನ್ನದು ಎಮಿಷನ್ ಟೆಸ್ಟ್ ಅಂಗಡಿ. ಹೊಗೆ ಅಳೆಯುವ ಮೊದಲು ಮಷಿನ್ ಸುತ್ತಲಿನ ಗಾಳಿ ಎಳೆದುಕೊಂಡು ಅದನ್ನೇ ಸೊನ್ನೆ ಅಂತ ಇಟ್ಟುಕೊಳ್ಳುತ್ತದೆ, ಅದೇ ಜೀರೋ ಗಾಳಿ. ಎರಡು ವರ್ಷ ಒಂದೇ ತಲೆನೋವು. ನಮ್ಮಲ್ಲಿ ಪಾಸ್ ಆದ ಪೆಟ್ರೋಲ್ ಕಾರು ಪರಿಚಯದ ಗ್ಯಾರೇಜಿನ ಮಷಿನ್‌ನಲ್ಲಿ ಫೇಲ್. "ಹೆಂಗೆ ನೋಡ್ತೀರಿ ಅಣ್ಣಾ?" ಅಂತ ಅವರು ಕೇಳಿದಾಗ ಉತ್ತರ ಇರಲಿಲ್ಲ.

ನಮ್ಮ ಮನೆಯ ಬಿಎಸ್4 ಕಾರನ್ನೇ ಅಳತೆಗೋಲು ಮಾಡಿಕೊಂಡೆ. ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಬೆಳಿಗ್ಗೆ ಹಿಡಿದರೆ ಎಚ್‌ಸಿ, ಅಂದರೆ ಹೊಗೆಯಲ್ಲಿ ಉರಿಯದೆ ಉಳಿದ ಇಂಧನದ ಅಂಶ, 30ರ ಆಸುಪಾಸು. ಮಧ್ಯಾಹ್ನ ಅದೇ ಕಾರು ಸೊನ್ನೆ. ಬಿಎಸ್4ಗೆ ಮಿತಿಯೇ 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಭಾಗ), ಅದರಲ್ಲಿ 30-40 ವ್ಯತ್ಯಾಸ ಅಂದರೆ ಸಣ್ಣದಲ್ಲ ಅಲ್ವಾ.

ಮೊದಲು ಮಷಿನ್ ಮೇಲೆ ಅನುಮಾನ. ಸರ್ವಿಸ್‌ಗೆ ಸುಮಾರು 6,500 ಹೋಯಿತು. ಆಮೇಲೆ ಆಕ್ಸಿಜನ್ ಸೆಲ್ ಹೊಸದು ಹಾಕಿಸಿದೆ, ಮತ್ತೆ ನಾಲ್ಕು ಸಾವಿರ. ಎಚ್‌ಸಿಗೂ ಆ ಸೆಲ್‌ಗೂ ಸಂಬಂಧವೇ ಇಲ್ಲ, ಗಾಬರಿಯಲ್ಲಿ ಹಾಕಿಸಿಬಿಟ್ಟೆ. ಮಷಿನ್ ಸರಿಯಾಗಿ ಅಳೆಯುತ್ತಿದೆಯಾ ಅಂತ ನೋಡುವ ಕ್ಯಾಲಿಬ್ರೇಷನ್ ಗ್ಯಾಸ್ ಬಿಟ್ಟಾಗ ಸಿಲಿಂಡರ್ ಮೇಲೆ ಪ್ರೊಪೇನ್ 2000 ಅಂತ ಇದೆ, ಪರದೆ ಮೇಲೆ ಸಾವಿರದ ಹತ್ತಿರ ಬರುತ್ತಿದೆ, ಗ್ಯಾಸ್ ಅಳೆಯುವ ಬೆಂಚೇ ಸತ್ತಿದೆ ಅಂದುಕೊಂಡು ಒಂದು ರಾತ್ರಿ ನಿದ್ದೆ ಬರಲಿಲ್ಲ. ಮಷಿನ್ ಪ್ರೊಪೇನನ್ನು ಹೆಕ್ಸೇನ್ ಲೆಕ್ಕಕ್ಕೆ ತಿರುಗಿಸಿ ತೋರಿಸುತ್ತದೆ, ಆ ಗುಣಕ ಪಿಇಎಫ್ ಅರ್ಧದ ಹತ್ತಿರ ಇರುತ್ತದೆ, ಅಷ್ಟೇ ಬರಬೇಕು ಅನ್ನುವುದು ಆಮೇಲೆ ನೆನಪಾಯಿತು.

ಒಂದು ತಿಂಗಳ ಕೊನೆ, ಅಂಗಡಿ ತುಂಬ ಗಾಡಿ. ಬಾಗಿಲಲ್ಲೇ ನಾಲ್ಕು ಆಟೋ, ಎರಡು ಹಳೇ ಟೂ ಸ್ಟ್ರೋಕ್, ಎಲ್ಲವೂ ಸ್ಟಾರ್ಟ್‌ನಲ್ಲಿವೆ. ಜೀರೋ ಮಾಡಿ, ಸುಮ್ನೆ ನೋಡೋಣ ಅಂತ ಪ್ರೋಬನ್ನು (ಸೈಲೆನ್ಸರ್ ಒಳಗೆ ಇಡುವ ಕೊಳವೆ) ಅಂಗಡಿ ಹಿಂದಿನ, ಹೊಗೆ ಇಲ್ಲದ ಸಂದಿಗೆ ಹಿಡಿದೆ. ಎಚ್‌ಸಿ ಮೈನಸ್ 50 ದಾಟಿತು! ಮಷಿನ್ ತನ್ನ ಬೆನ್ನ ಹಿಂದಿನ ಗಾಳಿಯನ್ನೇ ಶುದ್ಧ ಅಂತ ನಂಬಿ ಜೀರೋ ಮಾಡುತ್ತಿತ್ತು. ಅಲ್ಲಿದ್ದದ್ದು ಆಟೋ ಹೊಗೆ. ಹೊಗೆಯನ್ನೇ ಸೊನ್ನೆ ಅಂದುಕೊಂಡರೆ ಮುಂದಿನ ಗಾಡಿಗೆ ಅಷ್ಟು ಕಡಿಮೆ ತೋರಿಸುತ್ತದೆ.

ಮಂಡಕ್ಕಿ ಭಟ್ಟಿ ಹೊಗೆಯೂ ಸೇರಿರಬಹುದು ಅಂತ ಪಕ್ಕದವರು ಹೇಳಿದರು. ಅದನ್ನೂ ಬಿಡಲಿಲ್ಲ. ಗಾಳಿ ನಮ್ಮ ಕಡೆ ಬೀಸುವ ದಿನ ನೋಡಿಕೊಂಡು ಮೂರು ಬೆಳಿಗ್ಗೆ ಛಾವಣಿ ಮೇಲೆ ಪ್ರೋಬ್ ಹಿಡಿದು ನಿಂತೆ. ಕಣ್ಣು ಉರಿಯಿತು, ಎಚ್‌ಸಿ ಮಾತ್ರ 4-5 ದಾಟಲಿಲ್ಲ. ಕಣ್ಣಿಗೆ ಕಾಣುವ ಮಸಿ ಈ ಮಷಿನ್‌ಗೆ ಕಾಣುವುದಿಲ್ಲ.

ಜೀರೋ ಗಾಳಿಯನ್ನು ಮೇಲಿಂದ ತರುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಗಾಳಿಗೂ ಪೈಪ್ ಹಾಕ್ತೀರೇನ್ರೀ?" ಅಂದರು. ಮೊದಲ ಸಲ ಮೂವತ್ತು ಅಡಿ ಸಣ್ಣ ಪೈಪ್ ಹಾಕಿದೆ, ಪಂಪ್ ಎಳೆಯಲಾರದೆ ಲೋ ಫ್ಲೋ ಅಂತ ನಿಂತಿತು. ಎರಡನೇ ಸಲ ಮೀನಿನ ತೊಟ್ಟಿ ಅಂಗಡಿಯಿಂದ ಇದ್ದಿಲು ತಂದು ತುಂಬಿದೆ. ಅದರ ಪುಡಿ ಒಳಗೆ ಹೋಗಿ ಫಿಲ್ಟರ್ ಕಟ್ಟಿಕೊಂಡಿತು, 2,500 ದಂಡ. ಇನ್ನೊಂದು ಮಾತು, ಇದ್ದಿಲು ಎಚ್‌ಸಿಯನ್ನು ಹಿಡಿಯುತ್ತದೆ, ಸಿಒವನ್ನು (ಕಾರ್ಬನ್ ಮೊನಾಕ್ಸೈಡ್) ಹಿಡಿಯುವುದಿಲ್ಲ. ಅದಕ್ಕೇ ಬರೀ ಇದ್ದಿಲು ನಂಬಿ ಕೂರಬೇಡಿ, ಗಾಳಿಯೇ ಒಳ್ಳೆ ಕಡೆಯಿಂದ ಬರಬೇಕು.

ಕೊನೆಗೆ ನಡೆದದ್ದು ಇದು. ಮುಕ್ಕಾಲು ಇಂಚಿನ ಪಿವಿಸಿ ಪೈಪು, ಮಳೆ ಬೀಳದ ಹಾಗೆ ಬಾಯಿ ಕೆಳಗೆ ಬಗ್ಗಿಸಿ, ಕಣಜ ಗೂಡು ಕಟ್ಟದ ಹಾಗೆ ಜಾಲರಿ. ಮಷಿನ್ ಹತ್ತಿರ ಮಾತ್ರ ಎರಡು ಅಡಿ ಸಣ್ಣ ಪೈಪ್, ನಡುವೆ ತೊಳೆದು ಒಣಗಿಸಿದ ಇದ್ದಿಲು, ಎರಡೂ ಕಡೆ ಬಟ್ಟೆ. ಎಲ್ಲಾ ಸೇರಿ 900 ಆಗಿರಬಹುದು. ಪೈಪಿನ ಬಾಯಿ ಯಾವ ದಿಕ್ಕಿಗೆ, ಗೋಡೆಯಿಂದ ಎಷ್ಟು ದೂರ ಅನ್ನುವುದಕ್ಕೆ ಎರಡು ತಿಂಗಳು ಒದ್ದಾಡಿದ್ದೇನೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಟೂ ಸ್ಟ್ರೋಕ್ ಆದ ಮೇಲೆ ಹೋಸ್‌ನಲ್ಲಿ ಎಣ್ಣೆ ಅಂಟಿ ಮುಂದಿನ ಗಾಡಿಗೆ ಎಚ್‌ಸಿ ಜಾಸ್ತಿ ಬರುತ್ತದೆ, ಅದು ಬೇರೆ ಕಾಯಿಲೆ. ಅದಕ್ಕೆ ಎರಡನೇ ಹೋಸ್ ಇಟ್ಟಿದ್ದೇನೆ.

ಈಗ ಏಳು ತಿಂಗಳಿಂದ ದಿನಾ ಮನೆ ಕಾರಿನ ರೀಡಿಂಗ್ ಬರೆದಿಡುತ್ತಿದ್ದೇನೆ. ಬೆಳಿಗ್ಗೆ 28 ಇದ್ದರೆ ಸಂಜೆ 31, ಇಷ್ಟೇ. ಹೋದ ವಾರ ಅದೇ ಗ್ಯಾರೇಜಿನವರು ಟೇಪ್ ಹಿಡಿದುಕೊಂಡು ಬಂದು ನನ್ನ ಪೈಪ್ ಅಳತೆ ತೆಗೆದುಕೊಂಡು ಹೋದರು.