ಅನ್ನ ಇಳಿಸಿ ರೊಟ್ಟಿಗೆ ಬರುವವರಿಗೆ

ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮರುದಿನವೇ ಅಕ್ಕಿ ಡಬ್ಬಿ ಎತ್ತಿಟ್ಟು ಮೂರೂ ಹೊತ್ತು ಜೋಳ ಅಂತ ಹಟ ಹಿಡಿಯಬೇಡಿ. ನಾರು ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ, ಮನೆಮಂದಿ ಹದಿನೈದೇ ದಿನಕ್ಕೆ ಬೇಸರಪಡುತ್ತಾರೆ. ಮೊದಲ ಎರಡು ವಾರ ರಾತ್ರಿಯ ಊಟ ಮಾತ್ರ ಬದಲಿಸಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಅನ್ನ ಕಡಿಮೆಯಾಗಿ ಡೋಸು ಹಾಗೇ ಇದ್ದರೆ ಸಕ್ಕರೆ ತೀರಾ ಇಳಿಯಬಹುದು.

ಇಲ್ಲಿ ಮುಂಬೈ, ಪುಣೆಯಲ್ಲಿ ಜ್ವಾರಿಗೆ, ಅಂದರೆ ನಮ್ಮ ಜೋಳಕ್ಕೆ, ಬರವಿಲ್ಲ. ಪ್ಯಾಕೆಟ್ ಹಿಟ್ಟಿನ ಬದಲು ಕಾಳು ತಂದು ಗಿರಣಿಗೆ ಹಾಕಿಸಿ, ಒಮ್ಮೆಗೆ 2 ಕಿಲೋ ಸಾಕು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಮುಂಬೈ ಮಳೆಗಾಲದಲ್ಲಂತೂ ಹುಳವೂ ಬೀಳುತ್ತದೆ. ಗೋಧಿಯಲ್ಲಿರುವ ಅಂಟು ಜೋಳಕ್ಕಿಲ್ಲ, ಹಿಟ್ಟನ್ನು ಹಿಡಿದಿಡುವುದು ಎಸರು. 1 ಕಪ್ ಹಿಟ್ಟಿಗೆ ಮುಕ್ಕಾಲು ಕಪ್ ನೀರು ತೆಗೆದುಕೊಂಡು ಚಿಟಿಕೆ ಉಪ್ಪು ಹಾಕಿ, ಕೊತಕೊತ ಕುದಿಯುವಾಗಲೇ ಹಿಟ್ಟಿನ ಮೇಲೆ ಸುರಿಯಿರಿ. ಸೌಟಿನ ಹಿಡಿಯಿಂದ ಕಲಸಿ 5 ನಿಮಿಷ ಮುಚ್ಚಿಡಿ. ಆಮೇಲೆ ಅಂಗೈಯ ಬುಡದಿಂದ ಒತ್ತೊತ್ತಿ ನಾದಿ. ಒಣಗಿತೆನಿಸಿದರೆ ನೀರು ಚಿಮುಕಿಸುತ್ತ ಹೋಗಿ. ಬಡಿಯುವಾಗ ಅಂಚು ಬಿರಿದರೆ ಎಸರು ಆರಿತ್ತು, ಇಲ್ಲವೇ ನಾದಿದ್ದು ಸಾಲದು ಅಂತಲೇ ಅರ್ಥ. ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆ ಸವರಿ, ಆ ಪಸೆ ಪೂರ್ತಿ ಆರುವ ಮುಂಚೆಯೇ ಮಗುಚಿ. ಆರಿದ ಮೇಲೆ ಮಗುಚಿದರೆ ಸೀಳು ಬಿಟ್ಟು ಉಬ್ಬುವುದಿಲ್ಲ. ಕೈ ಕೂಡುವ ತನಕ ಕಾಲು ಭಾಗ ಗೋಧಿಹಿಟ್ಟು ಬೆರೆಸಿದರೂ ನಡೆಯುತ್ತದೆ.

ಪಲ್ಯದ ಬಗ್ಗೆ ಹೇಳುವುದು ಹೆಚ್ಚಿಲ್ಲ: ಬಟಾಟೆ ಬಿಟ್ಟು ಮೆಂತ್ಯ, ಮಡಕೆಕಾಳು.

ಏಕಾದಶಿಗೆ ಸಾಬುದಾಣಿ ಖಿಚಡಿ ಮಾಡುವ ಮನೆಗಳಲ್ಲಿ ಭಗರ್ ಬಳಸಿ. ಸಾಬುದಾಣಿ ಬಹುಪಾಲು ಬರೀ ಪಿಷ್ಟ. ಭಗರ್ ನಮ್ಮ ಸಾಮೆ, ಊದಲಿನ ಬಳಗದ ಕಿರುಧಾನ್ಯ, ಇಲ್ಲಿನ ಕಿರಾಣಿ ಅಂಗಡಿಗಳಲ್ಲಿ ಉಪವಾಸದ ಸಾಮಾನಿನ ಜೊತೆಗೇ ಇರುತ್ತದೆ. 1 ಕಪ್ ತೊಳೆದು ಸೋಸಿ, ಜೀರಿಗೆ, ಹಸಿಮೆಣಸಿನ ಒಗ್ಗರಣೆಯಲ್ಲಿ 2 ನಿಮಿಷ ಹುರಿದು, ಎರಡೂವರೆ ಕಪ್ ಬಿಸಿನೀರು ಹೊಯ್ದು ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಇಳಿಸುವಾಗ ಹುರಿದ ಶೇಂಗಾಪುಡಿ 2 ಚಮಚ. ಮೇಲೆ ಮೇಲೆ ಕೈಯಾಡಿಸಿದರೆ ಮುದ್ದೆಯಾಗುತ್ತದೆ, ಬಿಟ್ಟುಬಿಡಿ. ಇದೂ ಧಾನ್ಯವೇ, ಒಂದು ಬಟ್ಟಲಿಗೆ ನಿಲ್ಲಿಸಬೇಕು.

ಇನ್ನು ಚಹಾಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿಕೊಂಡು ನಿಶ್ಚಿಂತೆಯಿಂದ ಇರುವವರಿಗೆ ಒಂದು ಮಾತು: ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ವಾರಕ್ಕೆ ಕಾಲು ಚಮಚದಂತೆ ಸಿಹಿ ಇಳಿಸುತ್ತ ಬನ್ನಿ, ಶುಂಠಿ, ಏಲಕ್ಕಿ ಸ್ವಲ್ಪ ಹೆಚ್ಚು ಜಜ್ಜಿ ಹಾಕಿ. ನಾಲಗೆ ತಾನಾಗಿ ಒಗ್ಗಿಕೊಳ್ಳುತ್ತದೆ.